ಬಸವಂತರಾಯರ ಕಾಲಿಗೆ ಕಬ್ಬಿಣ

ನನ್ನ ಹೆಸರು ಸುರೇಖಾ. ಸಿಂಧನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ನರ್ಸು. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಕಾಯಿಲೆ ಗುಣವಾಗಲಿ ಎಂದು ಹರಕೆ ಹೊತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಗುಣವಾಗದೆ ಇರಲಿ ಎಂದು ಸಮಿತಿ ಕಟ್ಟಿಕೊಂಡವರನ್ನು ನೋಡಿದ್ದು ಒಂದೇ ಸಲ. ಅವರು ಬೇರೆ ಯಾರೋ ಅಲ್ಲ, ನಮ್ಮ ಮೂಲ ಊರು ಸಂತೆಕಲ್ಲೂರಿನವರೇ. ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಸಿಟ್ಟಿನ ನಡುವೆ ನಗು ಬರುತ್ತದೆ, ನಗು ಬಂದಿದ್ದಕ್ಕೆ ಮತ್ತೆ ಸಿಟ್ಟು ಬರುತ್ತದೆ.

ಬಸವಂತರಾಯರು ಆ ಊರಿನಲ್ಲಿ ತೊಗರಿ, ಜೋಳದ ವ್ಯಾಪಾರ ಮಾಡುವ ಸಾವಕಾರರು. ವಯಸ್ಸು ಅರವತ್ತು. ಇಲ್ಲ ಎನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದೇ ಇಲ್ಲ. ನಾಲ್ಕು ವರ್ಷದಿಂದ ಅವರಿಗೆ ಕಾಲಿನದೊಂದು ಕಾಟ. ಸಂಜೆ ಒಂದು ಕಡೆ ಕುಳಿತರೆ ಸಾಕು, ಮೀನಖಂಡದ ಒಳಗೆ ಇರುವೆ ಹರಿದಂತಾಗುತ್ತದೆ. ಎದ್ದು ಓಡಾಡಿದರೆ ಸುಮ್ಮನಾಗುತ್ತದೆ, ಕುಳಿತರೆ ಮತ್ತೆ ಶುರು. ಹಲ್ಲು ಕಚ್ಚಿ ತಡೆದರೆ ಕಾಲು ತಾನೇ ಝಾಡಿಸಿ ಒದೆಯುತ್ತದೆ. ಹಾಗಾಗಿ ಸಾವಕಾರರು ಊಟ ಮಾಡುವುದು ನಿಂತು, ಪೇಪರ್ ಓದುವುದು ನಡೆಯುತ್ತ, ನಿದ್ದೆ ಮಾಡುವುದು ಇಡೀ ದಿನಕ್ಕೆ ಎರಡು ತಾಸು. ಹೆಂಡತಿ ವೀರಭದ್ರಮ್ಮ ಪಕ್ಕೆಗೆ ಒದೆಸಿಕೊಂಡು ಒದೆಸಿಕೊಂಡು ಸಾಕಾಗಿ ತಮ್ಮ ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿಬಿಟ್ಟಿದ್ದರು.

ಇಲ್ಲಿಯವರೆಗೆ ಇದು ಬರೀ ಕಾಯಿಲೆ. ಕೆಟ್ಟದ್ದು ಮುಂದೆ ಶುರುವಾಯಿತು.

ನಮ್ಮ ಕಡೆ ಪರೀಕ್ಷೆಗೆ, ಇಂಟರ್‌ವ್ಯೂಗೆ, ಹೆಣ್ಣು ನೋಡಲು, ಕಡೆಗೆ ಬೋರು ಕೊರೆಸುವ ಮೊದಲೂ ಹಿರಿಯರ ಕಾಲಿಗೆ ಬೀಳುವ ರೂಢಿ. ಸಾವಕಾರರ ಮಗ ಅನಿಲಕುಮಾರ ಕಾರು ಓಡಿಸುವ ಪರೀಕ್ಷೆಯಲ್ಲಿ ನಾಲ್ಕು ಸಲ ನಪಾಸಾಗಿದ್ದ. ನಾಲ್ಕನೆಯ ಸಲವಂತೂ ಕಾರು ಹಿಂದಕ್ಕೆ ಹೋಗಿ ಪರೀಕ್ಷೆ ಮಾಡುವವರ ಕುರ್ಚಿಯನ್ನೇ ಕೆಡವಿತ್ತು. ಐದನೆಯ ಸಲ ಲಿಂಗಸುಗೂರಿಗೆ ಹೊರಡುವ ಹಿಂದಿನ ಸಂಜೆ ಅಪ್ಪನ ಕಾಲಿಗೆ ಬಿದ್ದ. ಸರಿಯಾಗಿ ಆ ಹೊತ್ತಿಗೇ ಕಾಲು ಝಾಡಿಸಿತು. ಹಣೆಗೆ ಬಿದ್ದ ಏಟಿಗೆ ಹುಡುಗ ಹಿಂದಕ್ಕೆ ಉರುಳಿದ, ಹಣೆ ಬದನೆಕಾಯಿಯಂತೆ ಊದಿಕೊಂಡಿತು. ಮರುದಿನ ಪಾಸಾದ.

ಅದಾದ ವಾರಕ್ಕೆ ಸಾವಕಾರರ ತಂಗಿಯ ಮಗಳು ರಾಜಶ್ರೀ ಬ್ಯಾಂಕಿನ ಪರೀಕ್ಷೆಗೆ ಹೊರಟಳು, ಕಾಲಿಗೆ ಬಿದ್ದಳು, ಒದೆ ತಿಂದಳು, ಕೆಲಸ ಸಿಕ್ಕಿತು. ಎರಡು ಸಾಕಲ್ಲ? ಮೂರನೆಯದನ್ನು ಊರೇ ಹುಟ್ಟಿಸಿಕೊಂಡಿತು. ಸಾವಕಾರರ ಕಾಲಿನಲ್ಲಿ ಒಂದು ಶಕ್ತಿ ಬಂದು ಸೇರಿದೆ, ಅದು ತಾನಾಗಿ ಒದ್ದರೆ ಕೆಲಸವಾಗುತ್ತದೆ, ಬೇಕೆಂದು ಒದೆಸಿಕೊಂಡರೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ಅನಿಲಕುಮಾರ ಪಾದಸೇವಾ ಸಮಿತಿ ಮಾಡಿ ತಾನೇ ಅಧ್ಯಕ್ಷನಾದ. ದುಡ್ಡು ಮುಟ್ಟುವಂತಿಲ್ಲ, ತೆಂಗಿನಕಾಯಿ ತರಬಹುದು ಎಂದು ಕಟ್ಟುನಿಟ್ಟು ಮಾಡಿದ. ಎಡಗಾಲು ಪರೀಕ್ಷೆ, ನೌಕರಿಗೆ, ಬಲಗಾಲು ಮದುವೆಗೆ. ಕನ್ನಡಕ ತೆಗೆದಿಡಬೇಕು. ಮಸ್ಕಿಯ ಒಬ್ಬ ಜಾಣ ಹೆಲ್ಮೆಟ್ ಹಾಕಿಕೊಂಡು ಬಂದಿದ್ದ. ಅವನನ್ನು ಸಾಲಿನಿಂದಲೇ ಎಳೆದು ಹಾಕಿದರು.

ಒಂದೇ ತೊಂದರೆ ಎಂದರೆ ಬೆಳಗಿನ ಹೊತ್ತು ಕಾಲು ತಣ್ಣಗಿರುತ್ತಿತ್ತು. ದೂರದಿಂದ ಬೆಳಿಗ್ಗೆಯೇ ಬಂದವರಿಗೆ ಬರೀ ಆಶೀರ್ವಾದ ಸಿಗುತ್ತಿತ್ತು, ಮುಖ ಸಣ್ಣದು ಮಾಡಿಕೊಂಡು ಸಂಜೆಯವರೆಗೆ ಕಾಯುತ್ತಿದ್ದರು. ಸಂಜೆ ಐದರಿಂದ ಸಾವಕಾರರನ್ನು ಒಂದು ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಅಲ್ಲಾಡಬೇಡಿ ಎನ್ನುತ್ತಿದ್ದರು. ಆ ಕಾಯಿಲೆಯವರಿಗೆ ಅದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ. ಶೇರ್ ಆಟೋ ಓಡಿಸುವ ಮಕ್ತುಮ್‌ಸಾಬ್ ಮಸ್ಕಿಯ ನಾಕಾದಲ್ಲಿ ನಿಂತು "ಒದಿ, ಒದಿ, ಒದೀಗೆ ಒಂದ ಸೀಟ್ ಐತಿ ಬರ್ರಿ" ಎಂದು ಕೂಗುತ್ತಿದ್ದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಮೊದಲ ಸಲ ವೀರಭದ್ರಮ್ಮ ಗಂಡನನ್ನು ನಮ್ಮಲ್ಲಿಗೆ ಕರೆತಂದಾಗ ಸಾವಕಾರರ ಕಣ್ಣು ನೋಡಿಯೇ ನನಗೆ ಹೆದರಿಕೆಯಾಯಿತು. ಎರಡೂ ಕಣ್ಣು ಗುಳಿಬಿದ್ದು ಒಳಗೆಲ್ಲೋ ಹೋಗಿದ್ದವು.

"ತಂಗಿ, ಹಿಂಗ ನಿದ್ದಿಗೆಟ್ರ ಇವರು ಉಳಿಯಂಗಿಲ್ಲ" ಎಂದು ಆಕೆ ನನ್ನ ಕೈ ಹಿಡಿದುಕೊಂಡರು. "ಮೊನ್ನಿ ಗೋದಾಮಿನ್ಯಾಗ ಏಣಿ ಮ್ಯಾಲ ನಿಂತಲ್ಲೇ ತೂಕಡಿಸಿ ಬಿದ್ದಾರ. ಕೆಳಗ ತೊಗರಿ ಚೀಲ ಇದ್ದದ್ದಕ್ಕ ಇವತ್ತು ನಿನ್ನ ಮುಂದ ನಿಂತಾರ. ನಾಳಿ ಎಲ್ಲಿ ಬೀಳ್ತಾರೋ."

ನಮ್ಮ ನಂದಿನಿ ಡಾಕ್ಟರು ಕಾಲಿಗಿಂತ ಮೊದಲು ರಕ್ತ ನೋಡಿದರು. ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಅದನ್ನೂ ನೋಡಿಸಿದರು, ಏನೂ ಇರಲಿಲ್ಲ. ಆಮೇಲೆ ರಿಪೋರ್ಟು ಹಿಡಿದು ಕೇಳಿದರು:

"ರಕ್ತ ಏನರ ಕೊಡ್ತೀರೇನ್ರಿ ಯಾರಿಗರ?"

ಸಾವಕಾರರು ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದರಂತೆ. ಅಂಗಡಿಯ ಗೋಡೆಯ ಮೇಲೆ ರಕ್ತದಾನದ ನಲವತ್ತಾರು ಪ್ರಮಾಣಪತ್ರಗಳಿದ್ದವು. ಕೇಳಿದವರಿಗೆ ಇಲ್ಲ ಎನ್ನಲು ಬಾರದಿದ್ದರೆ ಹೀಗೇ.

"ಹಿಮೋಗ್ಲೋಬಿನ್ ಚಲೋ ಐತ್ರಿ. ಆದ್ರ ಮೈಯಾಗ ಕೂಡಿಟ್ಟ ಕಬ್ಬಿಣ ಪೂರಾ ಖಾಲಿ. ಅಂಗಡಿ ಮುಂದ ಮಾಲು ಕಾಣಾಕತ್ತೈತಿ, ಗೋದಾಮಿನ್ಯಾಗ ಒಂದು ಕಾಳಿಲ್ಲ. ಇದಕ್ಕ ರೆಸ್ಟ್‌ಲೆಸ್ ಲೆಗ್ಸ್ ಅಂತಾರ. ಎಲ್ಲಾರಿಗೂ ಕಬ್ಬಿಣದಿಂದಽ ಬರ್ತೈತಿ ಅಂತಿಲ್ಲ, ನಿಮಗ ಮಾತ್ರ ಅದಽ ಕಾರಣ ಅನಸ್ತೈತಿ. ಕಬ್ಬಿಣ ತುಂಬಿದ್ರ ಕಾಲು ಶಾಂತ ಆಗಬೇಕು."

ಸಾವಕಾರರು ಆಗ ಕೇಳಿದ ಮಾತು ನನಗಿನ್ನೂ ನೆನಪಿದೆ. "ಕುಂತು ಊಟ ಮಾಡಬೌದೇನ್ರಿ ಮೇಡಂ?" ಎಂದರು. ಅಷ್ಟೇ ಅವರ ಆಸೆ. ಕುಳಿತು ಒಂದು ಊಟ, ಮಲಗಿ ಒಂದು ನಿದ್ದೆ.

ದಿನ ಬಿಟ್ಟು ದಿನ ಒಂದು ಮಾತ್ರೆ, ಖಾಲಿ ಹೊಟ್ಟೆಯಲ್ಲಿ, ಲಿಂಬೆಹಣ್ಣಿನ ನೀರಿನ ಜೊತೆ. ಮಾತ್ರೆಯ ಹಿಂದೆ ಮುಂದೆ ಎರಡು ತಾಸು ಚಹಾ ಮುಟ್ಟಬಾರದು, ಮುಟ್ಟಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅನಿಲಕುಮಾರನ ಕೈಗೆ ಕೊಟ್ಟವಳು ನಾನೇ. ಆ ಕೈಗೆ ಏನಾದರೂ ಆಗಬಾರದಿತ್ತೇ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡೆ.

ಮೂರು ತಿಂಗಳಾದರೂ ರಕ್ತದಲ್ಲಿ ಕಬ್ಬಿಣ ಇದ್ದಲ್ಲೇ ಇತ್ತು. ಡಾಕ್ಟರಿಗೆ ಆಶ್ಚರ್ಯ. ಒಂದು ರಜೆಯ ದಿನ ನಾನೇ ಸಂತೆಕಲ್ಲೂರಿಗೆ ಹೋದೆ. ಬೆಳಿಗ್ಗೆ ಏಳಕ್ಕೆ ಅನಿಲಕುಮಾರ ಅಪ್ಪನ ಬಾಯಿಗೆ ಮಾತ್ರೆ ಹಾಕಿದ, ಹಿಂದೆಯೇ ಒಂದು ದೊಡ್ಡ ಲೋಟ ಕಡಕ್ ಚಹಾ ಕುಡಿಸಿದ. ಅದಾದ ಮೇಲೆ ಸಮಿತಿಯ ಒಬ್ಬೊಬ್ಬ ಸದಸ್ಯನೂ ಭಕ್ತಿಯಿಂದ ಒಂದೊಂದು ಕಪ್ಪು ತಂದುಕೊಟ್ಟ. ಎಂಟು ಗಂಟೆಯೊಳಗೆ ಸಾವಕಾರರು ಏಳು ಕಪ್ಪು ಕುಡಿದಿದ್ದರು. ಬೇಡ ಎನ್ನಲು ಅವರಿಗೆ ಎಲ್ಲಿ ಬರುತ್ತದೆ?

"ಲೇ ಅನಿಲಾ, ನಾ ಚೀಟ್ಯಾಗ ಏನ್ ಬರದಿದ್ದೆ?" ಎಂದು ಎಲ್ಲರೆದುರೇ ಕೇಳಿದೆ.

"ಓದೀನಕ್ಕಾ. ಓದಿದ್ದಕ್ಕ ಕುಡಸಾಕತ್ತೀನಿ" ಎಂದ ಆ ಅಧ್ಯಕ್ಷ, ಒಂಚೂರೂ ನಾಚಿಕೆ ಇಲ್ಲದೆ. "ಇನ್ನ ಎರಡು ತಿಂಗಳಿಗೆ ಪಿಯುಸಿ ಪರೀಕ್ಷಾ ಅದಾವ. ಆರುನೂರು ಹುಡುಗರು ಹೆಸರು ಬರಸ್ಯಾರ. ಈಗ ಕಾಲು ಶಾಂತ ಆದ್ರ ಆ ಹುಡುಗರು ಎಲ್ಲಿಗೆ ಹೋಗಬೇಕು?"

"ಓದಾಕ ಹೋಗ್ಲಿ! ನಿಮ್ಮಪ್ಪ ಸಾಯಾಕತ್ತಾನಲೇ!"

"ಅಪ್ಪಗ ಏನಾಗ್ತೈತಿ? ಶಕ್ತಿ ಐತಿ."

ಆ ಶಕ್ತಿವಂತರು ಕಂಬಕ್ಕೆ ಒರಗಿ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತಿಕ್ಕುತ್ತ, ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿತ್ತೋ ತಲೆ ಸುತ್ತಿತ್ತೋ ಗೊತ್ತಾಗಲಿಲ್ಲ. ಮರುದಿನವೇ ಎಲ್ಲವನ್ನೂ ಡಾಕ್ಟರ ಮುಂದೆ ಹೇಳಿದೆ.

ಮಾತ್ರೆ ಬಿಟ್ಟು ರಕ್ತನಾಳಕ್ಕೇ ಕಬ್ಬಿಣ ಕೊಡೋಣ, ಅಲ್ಲಿಗೆ ಯಾರೂ ಚಹಾ ಸುರಿಯಲಾರರು ಎಂದು ನಂದಿನಿ ಡಾಕ್ಟರು ಹೇಳಿದರು. ವೀರಭದ್ರಮ್ಮನೂ ನಾನೂ ಫೋನಿನಲ್ಲಿ ಕಳ್ಳರಂತೆ ಮಾತಾಡಿಕೊಂಡೆವು. ಗೊರೇಬಾಳದ ಬೀಗರ ಮನೆಗೆ ಹೋಗಿ ಬರುತ್ತೇವೆ ಎಂದು ಮಗನಿಗೆ ಸುಳ್ಳು ಹೇಳಿ ಗಂಡ ಹೆಂಡತಿ ಮಕ್ತುಮ್‌ಸಾಬನ ಆಟೋ ಹತ್ತಿ ಬಂದರು. ಆಸ್ಪತ್ರೆಗೆ ಬಂದಿದ್ದೇವೆ, ಯಾರಿಗೂ ಹೇಳಬೇಡ ಎಂದು ಆತನಿಗೆ ಹೇಳಿದರಂತೆ. ಆತ ಯಾರಿಗೂ ಹೇಳಲಿಲ್ಲ, ದಾರಿಯಲ್ಲಿ ಕೈ ಮಾಡಿದವರಿಗೆ ಮಾತ್ರ ಹೇಳಿದ.

ಸಂಜೆ ನಾಲ್ಕೂವರೆಗೆ ಸಾವಕಾರರನ್ನು ಮಂಚಕ್ಕೆ ಮಲಗಿಸಿ ಎಡಗೈಗೆ ಸೂಜಿ ಹಾಕಿದೆ. ಬಾಟಲಿಯೊಳಗಿನ ಕಂದು ಬಣ್ಣದ ನೀರನ್ನು ನೋಡಿ ಅವರು ಬೆಚ್ಚಿದರು.

"ಇದೂ ಚಾ ಏನ್ ತಂಗಿ?"

"ಇದು ಕಬ್ಬಿಣರೀ. ಸುಮ್ನ ಮಲ್ಕೋರಿ. ಅರ್ಧ ತಾಸಿನ ಕೆಲಸ."

ಹತ್ತು ಹನಿ ಇಳಿದಿರಲಿಕ್ಕಿಲ್ಲ, ಹೊರಗೆ ಗದ್ದಲ ಶುರುವಾಯಿತು. ಎರಡು ಆಟೋ, ಒಂದು ಟಂಟಂ, ಹನ್ನೆರಡು ಬೈಕು. ಕಬ್ಬಿಣ ಪೂರ್ತಿ ಇಳಿಯುವ ಮೊದಲು ಕೊನೆಯ ಒದೆ ಸಿಗಲಿ ಎಂದು ಜನ ತೆಂಗಿನಕಾಯಿ ಹಿಡಿದು ಸಾಲು ನಿಂತರು. ಅವರನ್ನು ನೋಡಿ ನಮ್ಮ ರೋಗಿಗಳೂ ಸೇರಿಕೊಂಡರು. ಗೊರೇಬಾಳದ ಒಬ್ಬ ಮನುಷ್ಯ ಪ್ಲಾಸ್ಟರ್ ಹಾಕಿದ ಕಾಲನ್ನು ಎಳೆದುಕೊಂಡು ಬಂದು ಬಗ್ಗುವುದು ಹೇಗೆ ಎಂದು ನನ್ನನ್ನೇ ಕೇಳಿದ. ಬಂಗಾಳಿ ನಿರಾಶ್ರಿತರಿರುವ ಆರ್.ಎಚ್. ಕ್ಯಾಂಪಿನ ಅಜ್ಜಿಯೊಬ್ಬಳು ಸಾಲು ಯಾತಕ್ಕೆಂದು ಗೊತ್ತಿಲ್ಲದೆಯೇ ನಿಂತಿದ್ದಳು; ಕಾಲಿಗೆ ಬೀಳುವುದು ಎಂದು ತಿಳಿದ ಮೇಲೆ, ಹಾಗಾದರೆ ಒಳ್ಳೆಯದೇ ಎಂದು ಅಲ್ಲೇ ಉಳಿದಳು.

ಅನಿಲಕುಮಾರ ಡಾಕ್ಟರ ಮುಂದೆ ಕೈ ಜೋಡಿಸಿದ. "ಮೇಡಂ, ಬ್ಯಾಡ ಅನ್ನಂಗಿಲ್ಲ. ಬಲಗಾಲಿಗೆ ಹಾಕ್ರಿ. ಎಡಗಾಲು ಬಿಟ್ಟುಬಿಡ್ರಿ, ಪರೀಕ್ಷಾ ಮುಗಿಯೂತನಕ."

ಹತ್ತು ವರ್ಷ ಓದಿ ಡಾಕ್ಟರಾದ ನಂದಿನಿ ಮೇಡಂ ಜ್ವರ ಇದೆಯೇ ಎಂದು ಅವನ ಹಣೆ ಮುಟ್ಟಿ ನೋಡಿದರು. ಆಮೇಲೆ ಎಂಥ ದನಿ ತೆಗೆದರೆಂದರೆ, ಸಾಲು ಸಾಲಾಗಿಯೇ ಹಿಂದಕ್ಕೆ ನಡೆದು ಗೇಟಿನ ಹೊರಗೆ ಹೋಯಿತು. ನಾನು ಬಾಗಿಲಿಗೆ ಅಗುಳಿ ಹಾಕಿದೆ. ಒಳಗೆ ಉಳಿದವರು ಸಾವಕಾರರು, ವೀರಭದ್ರಮ್ಮ, ಡಾಕ್ಟರು ಮತ್ತು ನಾನು. ಅರ್ಧ ಬಾಟಲಿ ಇಳಿದಿತ್ತು. ಸಾವಕಾರರು ಛಾವಣಿ ನೋಡುತ್ತ, ಕಾಲು ಅಲ್ಲಾಡಬಾರದೆಂದು ಬೆವರು ಸುರಿಸುತ್ತಿದ್ದರು.

ಆಗ ಹಿಂಬಾಗಿಲಿನಿಂದ ನಮ್ಮವ್ವ ಬಂದಳು.

ನಮ್ಮವ್ವ ಯಮನಮ್ಮ. ನಮ್ಮದು ಬುದ್ಧನ ಪಟ ಇಟ್ಟ ಮನೆ. ಯಾರ ಕಾಲಿಗೂ ಬೀಳಬಾರದು, ಯಾರನ್ನೂ ಬೀಳಿಸಿಕೊಳ್ಳಬಾರದು ಎಂಬುದು ನಮ್ಮಪ್ಪ ನರಸಣ್ಣನ ಕಟ್ಟಪ್ಪಣೆ. ಮಸ್ಕಿಯಲ್ಲಿ ಸುದ್ದಿ ಕೇಳಿ ಬಸ್ಸು ಹತ್ತಿ ಬಂದಿದ್ದ ಅವ್ವ ಕೈಯಲ್ಲಿ ನನ್ನ ಬುತ್ತಿ ಡಬ್ಬಿ ಹಿಡಿದಿದ್ದರಿಂದ ಯಾರೂ ತಡೆದಿರಲಿಲ್ಲ. ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಸೀದಾ ಮಂಚದ ಕಾಲುದೆಸೆಗೆ ಹೋಗಿ ನಿಂತಳು.

"ಏನ್ ಬೇ ನೀ? ಅಪ್ಪಗ ಗೊತ್ತಾದ್ರ?"

"ನೀ ಹೇಳಿದ್ರ ಗೊತ್ತಾಗ್ತೈತಿ. ದುರುಗೇಶಂದು ನಾಳಿ ಇಂಟರ್‌ವ್ಯೂ ಐತಿ. ಮೂರು ಸಲ ಹೋಗ್ಯಾನ, ಮೂರು ಸಲ ಬರಿಗೈಲೆ ಬಂದಾನ." ದುರುಗೇಶ ನನ್ನ ತಮ್ಮ.

"ಸಾಲು ಮುಗದೈತಿ. ಎಲ್ಲಾರನ್ನೂ ಹೊರಗ ಹಾಕ್ಯಾರ. ನಡಿ."

"ನಮಗ್ಯಾಕ ಸಾಲು?" ಎಂದಳು ಅವ್ವ. "ಊರಾಗ ಎಲ್ಲಾರಿಗಿಂತ ಮದಲ ಒದಿಸ್ಕೊಂಡವರು ನಾವು."

ಆಕೆ ಹೇಳಿದ್ದು ಸುಳ್ಳಲ್ಲ. ಐವತ್ತು ವರ್ಷದ ಹಿಂದೆ ನಮ್ಮ ಮುತ್ಯಾ, ಎಂದರೆ ಅಪ್ಪನ ಅಪ್ಪ, ಚೀಲ ಹೊತ್ತು ಸುಸ್ತಾಗಿ ಇದೇ ಸಾವಕಾರರ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ. ಬಸವಂತರಾಯರ ಅಪ್ಪ ಒಳಗಿನಿಂದ ಬಂದು ಬೆನ್ನಿಗೆ ಒದ್ದ. ಮುತ್ಯಾ ಮುಖ ಅಡಿಯಾಗಿ ಬಿದ್ದು ಎರಡು ಹಲ್ಲು ಹೋದವು. ಇದು ಊರಿಗೆಲ್ಲ ಗೊತ್ತಿರುವ, ಊರಿನಲ್ಲಿ ಯಾರೂ ಆಡದ ಸಂಗತಿ.

ಅವ್ವ ಅದನ್ನು ಆ ಹೊತ್ತು, ಅರ್ಜಿ ಕೊಡುವವಳ ದನಿಯಲ್ಲಿ, ಸಾವಕಾರರ ಮುಂದೆ ಆಡಿಬಿಟ್ಟಳು. "ಸಾವ್ಕಾರ್ರ, ನಿಮ್ಮಪ್ಪ ನಮ್ಮ ಮಾವಗ ಒದ್ದಿದ್ದ. ನಿಮ್ಮ ಮನಿ ಒದಿಯಿಂದ ಊರಾಗ ಎಲ್ಲಾರಿಗೂ ಏನರ ಒಂದು ಚಲೋ ಆಗೈತಿ. ಒಬ್ಬಂವಗ ಲೈಸೆನ್ಸ್, ಒಬ್ಬಾಕಿಗೆ ಬ್ಯಾಂಕು. ನಮಗ ಮಾತ್ರ ಹಲ್ಲು ಹೋಗಿದ್ದು ಬಿಟ್ರ ಏನೂ ಆಗಿಲ್ಲ. ಇವತ್ತರ ಒಂದು ಆಗ್ಲಿ." ಹಾಗೆಂದವಳೇ ಸೆರಗು ಸೊಂಟಕ್ಕೆ ಸಿಗಿಸಿ ಬಗ್ಗಿದಳು.

ಅದೇ ಹೊತ್ತಿಗೆ ಕಾಲು ಎದ್ದಿತು. ನಾನು ಕಣ್ಣಾರೆ ನೋಡಿದೆ, ತೊಡೆಯಿಂದ ಅಲೆ ಬಂದಂತೆ ಬಂತು. ಸಾವಕಾರರು ಚೀರಿಕೊಂಡು ಎದ್ದು ಕುಳಿತು, ಎರಡೂ ಕೈಯಿಂದ ತಮ್ಮ ಮೊಣಕಾಲನ್ನು ಬಾಚಿ ಎದೆಗೆ ಅವುಚಿಕೊಂಡರು. ಕೈಯ ಸೂಜಿ ಕಿತ್ತು ಬಂತು. ನಾಲ್ಕು ವರ್ಷ ಕಾದ ಕಬ್ಬಿಣ ಹಾಸಿಗೆಯ ಮೇಲೆ ಕಂದಾಗಿ ಹರಡಿತು, ಅದರ ಮೇಲೆ ರಕ್ತ. ವೀರಭದ್ರಮ್ಮ "ಅಯ್ಯೋ ಶಿವನೇ" ಎಂದು ಗೋಡೆಗೆ ಒರಗಿದರು. ಕಾಲು ಸಾವಕಾರರ ಅಪ್ಪುಗೆಯೊಳಗೇ ಕೊಸರಾಡುತ್ತಿತ್ತು, ಅವರು ಬಿಡಲಿಲ್ಲ.

"ಸರಿಯವ್ವಾ, ದೂರ ಸರಿ" ಎಂದು ಏದುಸಿರು ಬಿಟ್ಟರು. "ಈ ಕಾಲು ನನ್ನ ಮಾತು ಕೇಳಂಗಿಲ್ಲ. ನಮ್ಮಪ್ಪನ ಕಾಲು ಹಂಗಿರಲಿಲ್ಲ, ಅವನ ಮಾತು ಕೇಳ್ತಿತ್ತು. ಅವ ಒದೀಬೇಕಂತ ಒದ್ದ. ನಾ ಬಾಗಲ್ದಾಗ ನಿಂತಿದ್ದೆ, ಹತ್ತು ವರ್ಷದಾಂವ. ನೋಡೀನಿ ನಾ."

ನಾನು ಹತ್ತಿ ತಂದು ಅವರ ಎಡಗೈಯ ರಕ್ತಕ್ಕೆ ಒತ್ತಿ ಹಿಡಿದೆ. ಇಷ್ಟು ಹೊತ್ತು ನನ್ನಲ್ಲಿದ್ದ ಸಿಟ್ಟು ಎತ್ತ ತಿರುಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಇನ್ನೊಬ್ಬರಿಗೆ ಬೇಡ ಎನ್ನಲು ಬಾರದ ಮನುಷ್ಯ ಜೀವನದಲ್ಲಿ ಮೊದಲ ಸಲ ಬೇಡ ಎಂದಿದ್ದರು, ಅದೂ ತಮ್ಮ ನಿದ್ದೆಯನ್ನು ನೆಲಕ್ಕೆ ಚೆಲ್ಲಿಕೊಂಡು.

ಅವ್ವ ನಿಧಾನವಾಗಿ ನೆಟ್ಟಗಾದಳು. ಸೊಂಟಕ್ಕೆ ಸಿಗಿಸಿದ್ದ ಸೆರಗು ಬಿಡಿಸಿಕೊಂಡು ಕೇಳಿದಳು: "ಹಂಗಾರ ನೀವು ಒದ್ರ ಏನೂ ಉಪಯೋಗಿಲ್ಲನ್ರಿ?"

"ಏನೂ ಇಲ್ಲವ್ವ. ಇದು ರೋಗ."

"ಅನಿಲಾ ಶಕ್ತಿ ಅಂತಾನಲ್ಲ?"

"ಅವ ನಾಕು ಸಲ ಫೇಲಾದಾಂವ. ಅವನ ಮಾತು ಏನ್ ಕೇಳ್ತಿ?"

ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಬಲಗೈಗೆ ಹಾಕು ಎಂದು ಡಾಕ್ಟರು ಹೇಳಿದರು. ಹಾಕುವುದು ಹೇಗೆ? ತಡೆದು ಹಿಡಿದದ್ದಕ್ಕೋ ಏನೋ, ಈಗ ಎರಡೂ ಕಾಲು ಹುಚ್ಚೆದ್ದು ಕುಣಿಯುತ್ತಿದ್ದವು, ಮಂಚವೇ ಅಲ್ಲಾಡುತ್ತಿತ್ತು. ಎರಡು ಸಲ ನಾಳ ಸಿಕ್ಕು ತಪ್ಪಿಹೋಯಿತು. ಅವ್ವ ನೋಡುವಷ್ಟು ನೋಡಿ, "ಇದಕ್ಕ ಭಾರ ಬೇಕು, ಸರಿ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಮಂಚ ಹತ್ತಿ ಸಾವಕಾರರ ಎರಡೂ ಕಾಲಿನ ಮೇಲೆ ಅಡ್ಡಲಾಗಿ ಕುಳಿತುಬಿಟ್ಟಳು. ನಮ್ಮವ್ವ ಎಪ್ಪತ್ತೆರಡು ಕಿಲೋ ಇದ್ದಾಳೆ. ಕಾಲು ಎರಡು ಸಲ ಮಿಡುಕಿ ಸುಮ್ಮನಾದವು.

ಸಾವಕಾರರು ಕಣ್ಣು ಅರಳಿಸಿ, "ಇನ್ನ ಸ್ವಲ್ಪ ಕೆಳಗ ಕುಂದ್ರವ್ವ, ಅಲ್ಲೇ ಇರಿವಿ ಅದಾವ" ಎಂದರು. ಅವ್ವ ಸರಿದು ಕುಳಿತಳು. ಸೂಜಿ ಒಂದೇ ಏಟಿಗೆ ಹೋಯಿತು. ಬಾಟಲಿ ಇಳಿಯುವಷ್ಟು ಹೊತ್ತು ಸುಮ್ಮನೆ ಕೂರಲಾರದೆ ಅವ್ವ ನನ್ನ ಬುತ್ತಿ ಡಬ್ಬಿಯನ್ನು ಬಿಚ್ಚಿ, ನನ್ನ ರೊಟ್ಟಿ ಪುಂಡಿಪಲ್ಯವನ್ನು ಅಲ್ಲೇ ಕುಳಿತು ತಿಂದಳು.

ಕಬ್ಬಿಣ ಅಂದೇ ಕೆಲಸ ಮಾಡುವಂಥದ್ದಲ್ಲ, ಅದಕ್ಕೆ ವಾರಗಟ್ಟಲೆ ಬೇಕು. ಚೆಲ್ಲಿದ್ದಕ್ಕೆ ಇನ್ನೊಂದು ಬಾಟಲಿಯನ್ನೂ ಆಮೇಲೆ ಕೊಟ್ಟೆವು. ಯುಗಾದಿಯ ಹೊತ್ತಿಗೆ ಸಾವಕಾರರು ಕುಳಿತು ಹೋಳಿಗೆ ತಿಂದರು, ವೀರಭದ್ರಮ್ಮನ ಹಾಸಿಗೆ ಅಡುಗೆಮನೆಯಿಂದ ಹೊರಗೆ ಬಂತು, ಸಮಿತಿಗೆ ಕೆಲಸವಿಲ್ಲದಂತಾಯಿತು. ದುರುಗೇಶನಿಗೆ ಆ ಸಲವೂ ನೌಕರಿ ಸಿಗಲಿಲ್ಲ. ಅದಕ್ಕೆ ಅವ್ವ ಇವತ್ತಿಗೂ ನನ್ನನ್ನೇ ಬೈಯುತ್ತಾಳೆ. ಆದರೆ ಅವೆಲ್ಲ ಆಮೇಲಿನ ಮಾತು. ಆ ಸಂಜೆ ಕೆಲಸ ಮಾಡಿದ್ದು ಅವ್ವನ ಎಪ್ಪತ್ತೆರಡು ಕಿಲೋ.

ಬಾಟಲಿ ಖಾಲಿಯಾದಾಗ ಸಾವಕಾರರು ಗೊರಕೆ ಹೊಡೆಯುತ್ತಿದ್ದರು. ಬಾಯಿ ತೆರೆದಿತ್ತು, ಹಣೆಯ ಗೆರೆಗಳೆಲ್ಲ ಸಡಿಲವಾಗಿದ್ದವು.

"ಮುಗೀತು ಬೇ, ಏಳು" ಎಂದೆ.

ಅವ್ವ ಏಳಲು ಹೊರಟಾಗ ವೀರಭದ್ರಮ್ಮ ಓಡಿ ಬಂದು ಆಕೆಯ ಎರಡೂ ಭುಜ ಹಿಡಿದು ಅದುಮಿ ಕೂರಿಸಿದರು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು.

"ಏಳಬ್ಯಾಡ್ರಿ. ಈ ಸಪ್ಪಳ ಕೇಳಿ ನಾಕು ವರ್ಷ ಆತು. ಇನ್ನೊಂದು ತಾಸು ಹಿಂಗಽ ಕುಂದರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವ್ವ ಗಡಬಡಿಸಿ ತನ್ನ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಅದೊಂದು ಬ್ಯಾಡ್ರಿ" ಎಂದಳು. "ಬೇಕಾದ್ರ ಮುಂಜಾನಿತನಕ ಕುಂದರ್ತೀನಿ."